ಡೀನ್ ಮತ್ತು ಅವನ ಜಾಗಕ್ಕೆ ಬಂದ ಹುಡುಗ

ಪ್ರೀತಿಯ ಪುಟ್ಟಿ,

ಫುಟ್‌ಬಾಲ್ ತಂಡದಲ್ಲಿ ನಿನ್ನ ಜಾಗಕ್ಕೆ ಫಸ್ಟ್ ಇಯರ್ ಹುಡುಗಿಯನ್ನು ಆಡಿಸುತ್ತಿದ್ದಾರೆ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಆಗಿನಿಂದ ನನ್ನ ತಲೆಯಲ್ಲಿ ಅದೇ ಓಡುತ್ತಿದೆ. ಪ್ರಾಕ್ಟೀಸಿನಲ್ಲಿ ಅವಳಿಗೆ ಪಾಸ್ ಕೊಡಲೂ ಮನಸ್ಸು ಬರುವುದಿಲ್ಲ ಅಂದೆ. ನಿನ್ನ ಸಂಕಟ ಸುಳ್ಳಲ್ಲ. ಸುಮ್ನೆ ಸಮಾಧಾನ ಹೇಳುವ ಬದಲು ಇಂಗ್ಲೆಂಡಿನ ಹಳೇ ಫುಟ್‌ಬಾಲ್ ಆಟಗಾರ ಡಿಕ್ಸಿ ಡೀನ್ ಬಗ್ಗೆ ಬರೆಯೋಣ ಅನ್ನಿಸಿತು.

ಬರ್ಕನ್‌ಹೆಡ್ಡಿನ ಹುಡುಗ ಅವನು. 1925ರಲ್ಲಿ ಟ್ರಾನ್‌ಮಿಯರ್ ರೋವರ್ಸ್ ಕ್ಲಬ್ಬಿನಿಂದ ಲಿವರ್‌ಪೂಲ್ ಊರಿನ ಎವರ್ಟನ್ ಕ್ಲಬ್ಬಿಗೆ ಬಂದ. ಮರುವರ್ಷ ಮೋಟಾರ್ ಬೈಕ್ ಅಪಘಾತದಲ್ಲಿ ತಲೆಬುರುಡೆ, ದವಡೆ ಎರಡೂ ಮುರಿದವು. ಇನ್ನು ಆಟ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಆದರೆ 1927-28ರ ಲೀಗ್‌ನಲ್ಲಿ ಅವನು ಹೊಡೆದದ್ದು 39 ಪಂದ್ಯಗಳಲ್ಲಿ 60 ಗೋಲು! ಕೊನೆಯ ಪಂದ್ಯ ಎವರ್ಟನ್‌ನ ಮೈದಾನ ಗುಡಿಸನ್ ಪಾರ್ಕ್‌ನಲ್ಲಿ, ಆರ್ಸೆನಲ್ ಎದುರು. ಒಂದೇ ಸೀಸನ್ನಿನಲ್ಲಿ ಜಾರ್ಜ್ ಕ್ಯಾಮ್ಸೆಲ್ ಹೊಡೆದಿದ್ದ 59 ಗೋಲುಗಳ ದಾಖಲೆ ಮುರಿಯಲು ಇನ್ನೂ ಮೂರು ಬೇಕಿತ್ತು. ಮೂರನೆಯದು ಬಂದದ್ದು ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ. ಜೊತೆ ಆಟಗಾರ ಅಲೆಕ್ ಟ್ರೂಪ್ ಕಾರ್ನರ್ ಹೊಡೆದ, ಡೀನ್ ಎಗರಿ ತಲೆ ಕೊಟ್ಟ. ಆ ದಾಖಲೆಯನ್ನು ಇಂಗ್ಲೆಂಡಿನ ಲೀಗ್‌ನಲ್ಲಿ ಇವತ್ತಿಗೂ ಯಾರೂ ಮುರಿದಿಲ್ಲ.

ಇಷ್ಟು ನಿನಗೂ ಗೊತ್ತಿರಬಹುದು. ನನ್ನ ಮನಸ್ಸಿನಲ್ಲಿ ನಿಂತಿರುವುದು ಇದಲ್ಲ.

1937ರ ಹೊಸ ವರ್ಷದ ಹೊತ್ತಿಗೆ ಎವರ್ಟನ್‌ನವರು ಬರ್ನ್‌ಲಿಯಿಂದ ಟಾಮಿ ಲಾಟನ್ ಎಂಬ ಹುಡುಗನನ್ನು 6,500 ಪೌಂಡ್ ಕೊಟ್ಟು ತಂದರು. ಅವನಿಗೆ 17 ವರ್ಷ. ಡೀನ್‌ಗೆ ಮೂವತ್ತು ತುಂಬುತ್ತಿತ್ತು, ಮೈಯೆಲ್ಲಾ ಪೆಟ್ಟು. ಹುಡುಗ ಯಾಕೆ ಬಂದಿದ್ದಾನೆ ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಡೀನ್ ತಾನೇ ಅವನ ಹೆಗಲ ಮೇಲೆ ಕೈ ಹಾಕಿ, ನೀನು ನನ್ನ ಜಾಗಕ್ಕೇ ಬಂದಿದ್ದೀಯ ಅಂತ ಗೊತ್ತು, ನನ್ನಿಂದ ಆಗುವುದನ್ನೆಲ್ಲ ಮಾಡಿಕೊಡುತ್ತೇನೆ ಅಂದನಂತೆ. ಇದನ್ನು ಲಾಟನ್ನೇ ಹೇಳಿಕೊಂಡಿದ್ದಾನೆ.

ಬರೀ ಮಾತಲ್ಲ. ಮೇನ್ ಸ್ಟ್ಯಾಂಡಿನ ಕೆಳಗೆ ಇಬ್ಬರೂ ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸ ಮಾಡುತ್ತಿದ್ದರು. ದೊಡ್ಡ ಚರ್ಮದ ಚೆಂಡಿನೊಳಗೆ ಒದ್ದೆ ಕಾಗದ ತುರುಕಿ, ಎತ್ತಿದರೆ ಕೈ ಜಗ್ಗುವಷ್ಟು ಭಾರ ಮಾಡುತ್ತಿದ್ದರು. ಡೀನ್ ಅದನ್ನು ಮೇಲಕ್ಕೆಸೆಯಬೇಕು, ಹುಡುಗ ಹಾರಿ ತಲೆ ಕೊಡಬೇಕು. ಆ ಚೆಂಡಿಗೆ ಹೊಂದಿಕೊಂಡ ಕುತ್ತಿಗೆಗೆ ಪಂದ್ಯದ ಚೆಂಡು ಯಾವ ಲೆಕ್ಕ? (ನೀವು ಇದನ್ನೆಲ್ಲ ಮಾಡಬೇಡಿ. ತಲೆಗೆ ಎಷ್ಟು ಕೆಟ್ಟದ್ದು ಅಂತ ಈಗ ಗೊತ್ತಾಗಿದೆ.)

ಡೀನ್‌ಗೆ ಇದು ಪುಕ್ಕಟೆ ದೊಡ್ಡತನ ಆಗಿರಲಿಲ್ಲ ಪುಟ್ಟಿ. ಆಗ ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇತ್ತು: ಸೀಸನ್ನಿನಲ್ಲಿ ವಾರಕ್ಕೆ 8 ಪೌಂಡ್, ಅಷ್ಟೇ. ಅರವತ್ತು ಗೋಲು ಹೊಡೆದವನಿಗೂ ಅದೇ ಮಿತಿ. ಕೂಡಿಟ್ಟ ಗಂಟು ಎಲ್ಲಿಂದ ಬರಬೇಕು? ತಂಡದಲ್ಲಿ ಜಾಗ ಹೋದರೆ ಹೊಟ್ಟೆಪಾಡಿಗೇ ಪೆಟ್ಟು. ಅದು ಗೊತ್ತಿದ್ದೂ ಅವನು ಆ ಚೆಂಡು ಎಸೆದ. 60 ಗೋಲಿಗಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

1938ರಲ್ಲಿ ಅವನನ್ನು ನಾಟ್ಸ್ ಕೌಂಟಿ ಎಂಬ ಕ್ಲಬ್ಬಿಗೆ ಮಾರಿದರು. ಎವರ್ಟನ್‌ಗಾಗಿ ಒಟ್ಟು 383 ಗೋಲು ಹೊಡೆದಿದ್ದವನು. ಅವನಿಗೆ ನೋವಾಗಲಿಲ್ಲ ಅಂತ ನಾನು ಹೇಳಲಾರೆ. ನೀನೂ ನೋವಾಗಿಲ್ಲ ಅಂತ ನಟಿಸಬೇಡ, ಅಳು ಬಂದರೆ ಅತ್ತುಬಿಡು. 1939ರಲ್ಲಿ ಎವರ್ಟನ್ ಮತ್ತೆ ಲೀಗ್ ಗೆದ್ದಿತು. ಆ ವರ್ಷ ತಂಡಕ್ಕೆ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದವನು ಲಾಟನ್.

ನಿಮ್ಮ ಆ ಹುಡುಗಿ ಎಡಗಾಲಲ್ಲಿ ಹೇಗೆ ಹೊಡೆಯುತ್ತಾಳೆ? ಮುಂದಿನ ಸಲ ಫೋನ್ ಮಾಡಿದಾಗ ಹೇಳು.

ನಿನ್ನ
ಅಪ್ಪ