ಸನ್ಮಾನದ ಸುದ್ದಿಯಲ್ಲಿ ಬಿಟ್ಟುಹೋಗಿದ್ದು

ಸಂಪಾದಕರಿಗೆ ನಮಸ್ಕಾರ,

ನಮ್ಮ ಎಲೆಕ್ಟ್ರಿಷಿಯನ್‌ಗಳ ಸಂಘದ ಕಾರ್ಯದರ್ಶಿಗಳಿಗೆ ಸನ್ಮಾನ ಆದ ಸುದ್ದಿ ಪೇಪರ್‌ನಲ್ಲಿ ನೋಡಿ ಖುಷಿ ಆಯ್ತು. ಆದ್ರೆ ಅದ್ರಲ್ಲಿ ವೇದಿಕೆ ಮೇಲೆ ಯಾರ್ಯಾರಿದ್ರು ಅನ್ನೋದೇ ಜಾಸ್ತಿ, ಅವ್ರ ಬಗ್ಗೆ ಇದ್ದಿದ್ದು ಒಂದೇ ಸಾಲು, '22 ವರ್ಷಗಳ ಸುದೀರ್ಘ ಸೇವೆ' ಅಂತ. ಆ ಸಾಲಿನೊಳಗೆ ಏನಿದೆ ಅಂತ ಹೇಳೋಕೆ ಈ ಪತ್ರ. ಹೆಸರು ಹಾಕ್ಬೇಡ ಕಣೋ ಅಂತ ಅವ್ರೇ ಹೇಳಿದ್ರಿಂದ ಹಾಕಿಲ್ಲ.

ಒಂದು ರೂಪಾಯಿ ಸಂಬಳ ಇಲ್ದೆ ಮಾಡಿದ ಕೆಲಸ ಇದು. ಹಗಲೆಲ್ಲಾ ತಮ್ಮ ವೈರಿಂಗ್ ಕೆಲಸ, ರಾತ್ರಿ ಸಂಘದ ರಸೀದಿ ಪುಸ್ತಕ, ನಡಾವಳಿ, ಲೈಸೆನ್ಸ್ ರಿನ್ಯೂವಲ್ ಫಾರ್ಮ್ ತುಂಬೋಕೆ ಬರದೇ ಇರೋರ್ಗೆ ಕೂತು ತುಂಬಿಸಿಕೊಡೋದು. ಸಂಘಕ್ಕೆ ಅಂತ ಕೇಳ್ಕೊಂಡು ಬಂದ ಕೆಲಸಗಳನ್ನೆಲ್ಲ ಮೆಂಬರ್‌ಗಳಿಗೆ ಹಂಚಿದ್ರು, ಒಂದನ್ನೂ ತಾವು ಇಟ್ಕೊಳ್ಳಲಿಲ್ಲ.

ಆದ್ರೆ ನಾನು ಮುಖ್ಯವಾಗಿ ಹೇಳ್ಬೇಕಾಗಿರೋದು ಒಂದು ಬೀಗದ ವಿಷ್ಯ. ನಮ್ಮ ಹುಡುಗನೊಬ್ಬ ಮೇನ್ ಆಫ್ ಮಾಡಿ ಏಣಿ ಹತ್ತಿದ್ದ, ಕರೆಂಟ್ ಯಾಕಿಲ್ಲ ಅಂತ ಕೆಳಗಿದ್ದ ಯಾರೋ ಆನ್ ಮಾಡ್ಬಿಟ್ರು. ಜೀವ ಉಳೀತು, ಬಲಗೈ ಎರಡು ಬೆರಳು ಹೋದ್ವು. ಅವತ್ತು ರಾತ್ರಿ ಆಸ್ಪತ್ರೇಲಿ ಅವ್ನ ಜೊತೆ ಕೂತಿದ್ದ ಕಾರ್ಯದರ್ಶಿಗಳು ಆ ತಿಂಗಳಿಂದಾನೇ ಭಾನುವಾರದ ಕ್ಲಾಸ್ ಶುರು ಮಾಡಿದ್ರು. ಬೋರ್ಡ್ ಮೇಲೆ ಏನೂ ಬರೆಯೋ ಮುಂಚೆ ಚೀಲದಿಂದ ಒಂದು ಸಣ್ಣ ಬೀಗ ತೆಗೆದು ಟೇಬಲ್ ಮೇಲೆ ಇಡೋರು. ಮೇನ್ ಆಫ್ ಮಾಡು, ಬೀಗ ಹಾಕು, ಕೀ ನಿನ್ನ ಜೇಬಲ್ಲೇ ಇರ್ಲಿ, ಬೇರೆಯವ್ರ ಕೈಗೆ ಕೊಡ್ಬೇಡ. ಆಮೇಲೆ ಟೆಸ್ಟರ್, ಮೊದ್ಲು ಕರೆಂಟ್ ಇರೋ ಕಡೆ ಹಿಡಿದು ಅದು ಸರಿಯಾಗಿದ್ಯಾ ನೋಡು, ಆಮೇಲೆ ಕೆಲಸದ ಜಾಗದಲ್ಲಿ ನೋಡು, ಮತ್ತೆ ವಾಪಸ್ ಕರೆಂಟ್ ಇರೋ ಕಡೆ ನೋಡು, ಯಾಕಂದ್ರೆ ಕೆಟ್ಟ ಟೆಸ್ಟರ್ ಕೂಡ ಕರೆಂಟ್ ಇಲ್ಲ ಅಂತಾನೇ ಹೇಳತ್ತೆ.

ಎಂಸಿಬಿ, ಅಂದ್ರೆ ಲೋಡ್ ಜಾಸ್ತಿಯಾದ್ರೆ ತಾನೇ ಆಫ್ ಆಗೋ ಸ್ವಿಚ್, ಇದ್ರೆ ಸಾಕಲ್ವಾ ಸರ್ ಅಂತ ನಾನೇ ಒಂದ್ಸಲ ಕೇಳಿದ್ದೆ. ಅದು ವೈರ್ ಕಾಯೋಕೆ, ಮನುಷ್ಯನ್ನ ಕಾಯೋಕಲ್ಲ ಅಂದ್ರು. 16 ಆಂಪಿಯರ್ ಎಂಸಿಬಿ ಟ್ರಿಪ್ ಆಗೋಕೆ ಅದಕ್ಕಿಂತ ಜಾಸ್ತಿ ಕರೆಂಟ್ ಹರೀಬೇಕು, ಮನುಷ್ಯನ ಎದೆ ಮೂಲಕ ಅದ್ರ ನೂರರಲ್ಲೊಂದು ಭಾಗ ಹರಿದ್ರೂ ಪ್ರಾಣ ಹೋಗ್ಬಹುದು. ಅದಕ್ಕೇ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕು, ಅಂದ್ರೆ ಅಷ್ಟು ಸಣ್ಣ ಕರೆಂಟ್ ಸೋರಿದ್ರೂ ತಕ್ಷಣ ಆಫ್ ಆಗೋ ಸ್ವಿಚ್, ಅದ್ರ ಮೇಲಿರೋ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ ಅಂತ ಗಿರಾಕಿಗಳಿಗೆ ಹೇಳಿ ಬರೋದೂ ನಿನ್ನ ಕೆಲಸಾನೇ ಅಂತ ಸೇರಿಸಿದ್ರು. ಆ ಮಾತು ಕೇಳಿದ್ಮೇಲೆ ನಾನು ಅದನ್ನ ಹೇಳದೆ ಯಾರ ಮನೆ ಕೆಲಸಾನೂ ಮುಗಿಸಿಲ್ಲ.

ಬೆರಳು ಕಳ್ಕೊಂಡ ಹುಡುಗ ಮತ್ತೆ ಏಣಿ ಹತ್ತೋಕಾಗ್ಲಿಲ್ಲ. ಅವ್ನಿಗೆ ಲೆಕ್ಕ ಬರೆಯೋದು ಕಲಿಸಿ ಸಂಘದ ಆಫೀಸಲ್ಲೇ ಕೂರಿಸಿದ್ರು. ಸನ್ಮಾನದ ದಿನ ಅವ್ನು ಹಿಂದಿನ ಸಾಲಲ್ಲಿ ನಿಂತಿದ್ದ, ವೇದಿಕೆಗೆ ಯಾರೂ ಕರೀಲಿಲ್ಲ. ಅವನಿಗೇ ಮೈಕ್ ಕೊಟ್ಟಿದ್ರೆ ಬೇರೆ ಭಾಷಣಗಳು ಬೇಕಾಗಿರಲಿಲ್ಲ ಅಂತ ನನಗೆ ಇವತ್ತಿಗೂ ಅನ್ಸತ್ತೆ.

ನಿಮ್ಮಲ್ಲಿ ಒಂದೇ ಕೋರಿಕೆ, ಮುಂದೆ ಇಂಥ ಸುದ್ದಿ ಬರೆಯೋವಾಗ ವರದಿಗಾರರು ಹಿಂದಿನ ಸಾಲಲ್ಲಿ ಇರೋರನ್ನೂ ಒಂದು ಮಾತು ಕೇಳ್ಲಿ. ನಮ್ಮ ಸಂಘದೋರಿಗೂ ಒಂದು ಮಾತು, ಅವ್ರ ಕ್ಲಾಸ್ ನೋಟ್ಸ್ ಇನ್ನೂ ಕೈಬರಹದಲ್ಲೇ ಇದೆ, ಅದನ್ನ ಅಚ್ಚು ಹಾಕಿಸಿ ಹೊಸ ಮೆಂಬರ್‌ಗಳಿಗೆಲ್ಲ ಕೊಡಿ. ಕಾರ್ಯದರ್ಶಿ ಸ್ಥಾನ ಬಿಟ್ರೂ ಬರೋ ಭಾನುವಾರ ಕ್ಲಾಸ್‌ಗೆ ಬರ್ತಾರಂತೆ, ಬೀಗ ನಾನೇ ತರ್ತೀನಿ ಅಂದಿದ್ದಾರೆ.

ಇಂತಿ,
ಸಂಘದ ಒಬ್ಬ ಸದಸ್ಯ