ಪಯಸ್ವಿನಿ ದಡದವರಿಗೆ ವಂದನೆ

ಕಾಸರಗೋಡಿನತ್ತ ಹರಿಯುವ ಪಯಸ್ವಿನಿ–ಚಂದ್ರಗಿರಿ ಹೊಳೆಯ ದೈತ್ಯ ಮೆದುಚಿಪ್ಪಿನ ಆಮೆಯ ಸಾಕ್ಷ್ಯಚಿತ್ರ ಮುಗಿದು, ಹೊಳೆಬದಿಯ ಶಾಲೆಯೊಂದರಲ್ಲಿ ಮೊದಲ ಪ್ರದರ್ಶನವೂ ಆಯಿತು. ಇದಕ್ಕೆ ದುಡಿದ ಬಹಳ ಮಂದಿಯ ಹೆಸರನ್ನು ತೆರೆಯ ಮೇಲೆ ಹಾಕಿಲ್ಲ. ಹೆಸರು ಹಾಕಿದರೆ ಊರು ತಿಳಿಯುತ್ತದೆ, ಊರು ತಿಳಿದರೆ ಮೊಟ್ಟೆಯಿಡುವ ಜಾಗವೂ ತಿಳಿಯುತ್ತದೆ. ಅವರಿಗಾಗಿ ಈ ಬರಹ.

ಬಲೆ ಹಾಕುವವರಿಗೆ ಮೊದಲ ನಮಸ್ಕಾರ. ಮಲಯಾಳಿಗಳು ಪಾಲಪ್ಪೂವನ್ ಎನ್ನುವ ಈ ಆಮೆ ದಿನದ ಬಹುಪಾಲು ಮರಳಲ್ಲಿ ಹೂತು, ಕಣ್ಣು–ಮೂತಿ ಮಾತ್ರ ಹೊರಗಿಟ್ಟು ಮೀನಿಗೆ ಹೊಂಚುತ್ತದೆ. ಉಸಿರಿಗೆಂದು ಮೇಲೆ ಬಂದರೂ ಕಾಣುವುದು ಮೂತಿಯ ತುದಿ, ಅದೂ ಕ್ಷಣಮಾತ್ರ. ಹೊಳೆಯ ಯಾವ ಕಯದಲ್ಲಿ (ಆಳದ ಮಡುವಿನಲ್ಲಿ), ಎಷ್ಟು ಹೊತ್ತಿಗೆ ಕಾಯಬೇಕೆಂದು ಹೇಳಿಕೊಟ್ಟವರು ನೀವು. ಆಮೆ ಸಿಕ್ಕಿಬಿದ್ದಾಗ ಬಲೆಯನ್ನೇ ಕೊಯ್ದು ಬಿಟ್ಟವರೂ ನಿಮ್ಮಲ್ಲಿದ್ದಾರೆ. ಬಲೆಯ ಬೆಲೆ ಬಲ್ಲವರಿಗೆ ಅದು ಸಣ್ಣ ಸಂಗತಿಯಲ್ಲ.

ಪ್ರಾಣಿ ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪಿನ ವಿಷಯದಲ್ಲಿ ತೋಟದವರ ಋಣ ದೊಡ್ಡದು. ಅದರ ಸೆನ್ಸರ್ ಗುರುತಿಸುವುದು ಸುತ್ತಲಿಗಿಂತ ಬೇರೆ ಬಿಸಿಯಿರುವ ಮೈಯ ಚಲನೆಯನ್ನು. ನೀರುನಾಯಿ ಹಾದರೆ ಕ್ಲಿಕ್ಕಾಗುತ್ತದೆ. ನೀರಿನಷ್ಟೇ ತಣ್ಣಗಿರುವ ಆಮೆ ಎದುರಲ್ಲೇ ತೆವಳಿದರೂ ಸೆನ್ಸರ್ ಎಚ್ಚರಗೊಳ್ಳದು. ಹಾಗಾಗಿ ಟೈಮ್‌ಲ್ಯಾಪ್ಸ್‌ಗೆ ಹಾಕಿ ನಿಮಿಷಕ್ಕೊಂದು ಚಿತ್ರ ತೆಗೆಯಬೇಕು; ದಿನಕ್ಕೆ 1,440. ಅಷ್ಟನ್ನೂ ಕೂತು ನೋಡಿ, ಮರಳ ಮೇಲಿನ ತೆವಳಿದ ಗೆರೆಯನ್ನು ಗುರುತಿಸಿದವರು ಊರಿನ ಕಾಲೇಜು ಮಕ್ಕಳು. ಕ್ಯಾಮೆರಾ ಕಟ್ಟಲು ಅಡಿಕೆ ಸಲಾಕೆ ಕೊಟ್ಟವರಿಗೆ, ಬೆಳಗಿನ ಧ್ವನಿಮುದ್ರಣಕ್ಕೆಂದು ಪಂಪ್‌ಸೆಟ್ಟನ್ನು ಅರ್ಧ ಗಂಟೆ ತಡವಾಗಿ ಚಾಲೂ ಮಾಡಿದವರಿಗೆ ಪ್ರತ್ಯೇಕ ವಂದನೆ.

ಎಲ್ಲಕ್ಕಿಂತ ಮಿಗಿಲಾದದ್ದು ಕಟ್ಟದವರ, ಅಂದರೆ ತೋಟದ ನೀರಿಗಾಗಿ ಹೊಳೆಗೆ ಅಡ್ಡಲಾಗಿ ಒಡ್ಡು ಹಾಕುವವರ ಸಹಾಯ. ಬೇಸಗೆಯಲ್ಲಿ ಕಟ್ಟಕ್ಕೆ ಹಲಗೆ ಇಳಿಸಿದರೆ ನೀರು ಹಿಂದಕ್ಕೇರಿ ಆಮೆ ಮೊಟ್ಟೆಯಿಡುವ ಮರಳದಿಬ್ಬ ಮುಳುಗುತ್ತದೆ. ಮೊಟ್ಟೆ ಚಿಪ್ಪಿನ ಮೂಲಕವೇ ಉಸಿರಾಡುವುದರಿಂದ ನೀರು ನಿಂತರೆ ಒಳಗಿನ ಮರಿ ಸಾಯುತ್ತದೆ. ತೋಟ ಒಣಗುವ ಹೊತ್ತಿನಲ್ಲೂ ಒಂದು ಹಲಗೆ ಕಡಿಮೆ ಹಾಕಿದಿರಿ. ಆದರೂ ನೀರು ಗೂಡಿನ ಹತ್ತಿರ ಬಂದಾಗ ಅರಣ್ಯ ಇಲಾಖೆಯವರು ಮೊಟ್ಟೆ ಸ್ಥಳಾಂತರಿಸಿದರು. ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲಿನಲ್ಲಿ ಗುರುತು, ಗುರುತು ಮೇಲಾಗಿಯೇ ಎತ್ತುವುದು, ಮೊದಲಿನಷ್ಟೇ ಆಳದ ಹೊಂಡದಲ್ಲಿ ಹಾಗೆಯೇ ಇಡುವುದು. ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತದೆ. ಮಗುಚಿದರೆ ಅದು ಉಳಿಯದು. ಆ ಕೈಗಳ ನಿಧಾನವೇ ಚಿತ್ರದ ಅತ್ಯುತ್ತಮ ಭಾಗವೆಂದು ನಮ್ಮ ಭಾವನೆ.

2023ರಲ್ಲಿ ಕಾಸರಗೋಡು ಈ ಆಮೆಯನ್ನು ಜಿಲ್ಲೆಯ ಪ್ರಾಣಿಯೆಂದು ಘೋಷಿಸಿತು. ಆ ಮೇಲೆ ನೋಡಬೇಕೆನ್ನುವವರೂ ಹೆಚ್ಚಬಹುದು. ನಾವು ಸೇತುವೆ, ಗುಡ್ಡ, ಮನೆಯ ಮಾಡು ಯಾವುದೂ ಫ್ರೇಮಿಗೆ ಬಾರದಂತೆ ನೋಡಿಕೊಂಡು, ಫೈಲುಗಳಿಂದ ಜಿಪಿಎಸ್ ಮಾಹಿತಿ ಅಳಿಸಿದ್ದೇವೆ. ನೀವೂ ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೆ ಜಾಗದ ಹೆಸರು ಹಾಕದಿರಿ.

ಕನ್ನಡ, ಮಲಯಾಳ, ತುಳು ಮೂರಕ್ಕೂ ಕಂಠ ಕೊಟ್ಟವರು ಸಂಭಾವನೆ ಪಡೆಯಲಿಲ್ಲ. ಪ್ರದರ್ಶನ ಬೇಕೆಂದ ಊರಿಗೆ ಪ್ರೊಜೆಕ್ಟರ್, ಪರದೆ ನಾವೇ ತರುತ್ತೇವೆ. ಮುಂದಿನ ಕಟ್ಟ ಹಾಕುವ ದಿನ ನಮಗೂ ಹೇಳಿ ಕಳಿಸಿ, ಹಲಗೆ ಹೊರಲು ಬರುತ್ತೇವೆ.