ಗೂಡಿರುವ ಹಂಚಿಗೆ ಮೂರು ವಾರ ಬಿಡುವು ಕೊಡಿ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮುಂಚೆ ಹಂಚಿನ ಮನೆಯವರು ಏನೇನು ಮಾಡಿಸಿಕೊಳ್ಳಬೇಕು ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಒಡೆದ ಹಂಚು ಬದಲಿಸಿ, ಹಂಚು ಕೂರಿಸುವ ಮರದ ರೀಪಿಗೆ ಗೆದ್ದಲು ಹಿಡಿದಿದೆಯೇ ನೋಡಿ, ನೀರು ಹೋಗುವ ದೋಣಿಯ ಕಸ ತೆಗೆಸಿ ಎಂದೆಲ್ಲ ಬರೆದಿದ್ದಾರೆ. ಎಲ್ಲವೂ ಸರಿಯೇ. ಆದರೆ ನಡುವೆ ಒಂದು ಸಾಲು ಇತ್ತು: ಮಾಡಿನ (ಮನೆಯ ಚಾವಣಿಯ) ಸಂದಿಯಲ್ಲಿರುವ ಹಕ್ಕಿಗೂಡುಗಳನ್ನು ಕಿತ್ತು ಸ್ವಚ್ಛ ಮಾಡಿಸಿ ಅಂತ. ಏಪ್ರಿಲ್, ಮೇ ತಿಂಗಳಲ್ಲಿ ಈ ಮಾತು ಕೇಳಿ ನಡೆದರೆ ಎಷ್ಟು ಜೀವ ಹೋಗುತ್ತದೆ ಎಂಬುದನ್ನು ಮಾಡಿನ ಮೇಲೆ ಕೂತು ಕೆಲಸ ಮಾಡುವ ನಾನು ಹೇಳಲೇಬೇಕು.

ನಾನು ತೀರ್ಥಹಳ್ಳಿ ಸೀಮೆಯವನು. ಹಂಚು ಕೈಯಾಡಿಸುವುದು ನನ್ನ ಕಸುಬು, ಅಪ್ಪನಿಂದ ಬಂದದ್ದು. ಯುಗಾದಿ ಕಳೆದ ಮೇಲೆ ಹತ್ತಿದರೆ ಮೃಗಶಿರಾ ಮಳೆ ಹಿಡಿಯುವವರೆಗೂ ದಿನಾ ಯಾರದ್ದಾದರೂ ಮನೆಯ ಮಾಡಿನ ಮೇಲೇ ಇರುತ್ತೇನೆ. ನಮಗೆ ಯಾವಾಗ ಕೆಲಸದ ಸುಗ್ಗಿಯೋ ಹಕ್ಕಿಗಳಿಗೆ ಮರಿ ಮಾಡುವ ಸುಗ್ಗಿಯೂ ಆಗಲೇ. ಗೊರವಂಕ, ಮಡಿವಾಳ ಹಕ್ಕಿ ಎರಡೂ ಈ ದಿನಗಳಲ್ಲೇ ಗೂಡು ಹಿಡಿಯುತ್ತವೆ. ಗುಬ್ಬಿಗಂತೂ ಹೆಚ್ಚುಕಮ್ಮಿ ವರ್ಷವಿಡೀ ಸಂಸಾರ, ಒಂದು ಸೂಲು ಹಾರಿಸಿ ಮತ್ತೆ ಅದೇ ಸಂದಿಗೆ ಬರುತ್ತದೆ.

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಹಂಚು ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. ಅದಕ್ಕೆ ಮೊದಲು ಹುಲ್ಲಿನ ಮಾಡು, ನಾಡ ಹಂಚು ಇದ್ದಾಗಲೂ ಹಕ್ಕಿಗಳು ಇದ್ದವು. ಮಂಗಳೂರು ಹಂಚಿನ ಮಾಡಿನಲ್ಲಿ ಪಕ್ಕಾಸು (ಮಾಡನ್ನು ಹೊರುವ ಇಳಿಜಾರು ಮರ) ಗೋಡೆಯ ತಲೆಯ ಮೇಲೆ ಕೂರುವ ಜಾಗ ಇದೆಯಲ್ಲ, ಅಲ್ಲಿ ಎರಡು ಪಕ್ಕಾಸಿನ ನಡುವೆ ಒಂದು ಕೈ ಹೋಗುವಷ್ಟು ಪೊಳ್ಳು ಉಳಿಯುತ್ತದೆ. ಮೇಲೆ ಹಂಚು, ಕೆಳಗೆ ಗೋಡೆ, ಬೆಕ್ಕಿಗೆ ಸುಲಭಕ್ಕೆ ಎಟುಕುವುದಿಲ್ಲ. ಹಕ್ಕಿಗೆ ಇದಕ್ಕಿಂತ ಬೇಕೇ?

ಆ ಜಾಗದ ಹಂಚು ಎತ್ತಿದರೆ ಏನು ಕಾಣುತ್ತದೆ ಎಂದು ಕೆಳಗೆ ನಿಂತವರಿಗೆ ತಿಳಿಯದು. ಒಣಹುಲ್ಲು, ಹುರಿಹಗ್ಗದ ನಾರು, ಕೋಳಿಪುಕ್ಕ, ಬೀಡಿಕಟ್ಟಿನ ದಾರ ಎಲ್ಲ ಸೇರಿದ ಒಂದು ಮುದ್ದೆ. ಗೊರವಂಕನ ಗೂಡಾದರೆ ಅದರಲ್ಲಿ ಪ್ಲಾಸ್ಟಿಕ್ ಚೂರು, ಕೆಲವು ಸಲ ಹಾವಿನ ಪೊರೆಯೂ ಇರುತ್ತದೆ. ಹುಲ್ಲಿನ ನಡುವೆ ಕಣ್ಣೇ ಬಿಡದ, ಮೈಮೇಲೆ ಒಂದು ಎಳೆ ಪುಕ್ಕವಿಲ್ಲದ ಮರಿಗಳು. ಹಂಚು ಸರಿದ ಸದ್ದಿಗೆ ತಾಯಿಯೇ ಬಂತೆಂದು ನಾಲ್ಕೂ ಕತ್ತು ಎತ್ತಿ, ಹಳದಿ ಅಂಚಿನ ಬಾಯಿ ಅಗಲಿಸಿ ಕೂಗುತ್ತವೆ. ಹೊಟ್ಟೆಯ ಚರ್ಮ ಎಷ್ಟು ತೆಳು ಎಂದರೆ ಒಳಗೆ ಕರುಳು ಕಪ್ಪಗೆ ಕಾಣುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಹಂಚು ತೆಗೆದು ಬದಿಗಿಟ್ಟು ಊಟಕ್ಕೆ ಇಳಿದರೆ ಸಾಕು, ಬರುವಷ್ಟರಲ್ಲಿ ಅವು ಬದುಕಿರುವುದಿಲ್ಲ. ಕಿತ್ತು ಬಿಸಾಡಲೇಬೇಕೆಂದಿಲ್ಲ.

ನಮ್ಮ ಕಸುಬಿನವರ ಮೇಲೆ ತಪ್ಪು ಹೊರಿಸಲು ನಾನು ತಯಾರಿಲ್ಲ. ಈಗ ಹೆಚ್ಚಿನ ಕೆಲಸ ಗುತ್ತಿಗೆ ಲೆಕ್ಕದಲ್ಲಿ ನಡೆಯುತ್ತದೆ. ಇಷ್ಟು ಅಂಕಣಕ್ಕೆ ಇಷ್ಟು ದುಡ್ಡು, ಇವತ್ತು ಮುಗಿಸಿ ನಾಳೆ ಇನ್ನೊಂದು ಮನೆ. ರೋಹಿಣಿ ಮಳೆಯ ಮೋಡ ಕಂಡಿತೆಂದರೆ ಎಲ್ಲರ ಮನೆಯಿಂದಲೂ ಫೋನು. ಅಂಥ ಗಡಿಬಿಡಿಯಲ್ಲಿ ಗೂಡು ಕಂಡರೆ ಕೆಲಸಗಾರ ತಾನಾಗಿ ನಿಲ್ಲುವುದು ಕಷ್ಟ. ಮನೆಯವರು ಒಂದು ಮಾತು ಹೇಳಬೇಕು. ಆಗುಂಬೆ ಕಡೆಯ ಒಂದು ಮನೆಯಲ್ಲಿ, "ಅಮ್ಮ, ಈ ಮೂಲೆ ಬಿಟ್ಟು ಹೋಗ್ತೀನಿ, ಮರಿ ಇದಾವೆ" ಅಂದೆ. "ಬಿಡು ಮಾರಾಯ, ಅವೂ ಮಳೆ ಬರೋದ್ರೊಳಗೆ ಹಾರ್ಕೊಂಡು ಹೋಗ್ಬೇಕಲ್ಲ" ಅಂದರು. ಆಮೇಲೆ ಹೋಗಿ ಆ ಮೂಲೆ ಮುಗಿಸಿಕೊಟ್ಟೆ, ಬಸ್ಸಿನ ಖರ್ಚು ಅವರೇ ಕೊಟ್ಟರು. ಇಷ್ಟೇ ಬೇಕಾದದ್ದು.

ಎಷ್ಟು ದಿನ ಕಾಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಜನ ಅಂದುಕೊಂಡಷ್ಟು ಹೆಚ್ಚಲ್ಲ. ಗುಬ್ಬಿಯ ಮೊಟ್ಟೆ ಒಡೆಯಲು 12 ದಿನದ ಆಸುಪಾಸು, ಮರಿ ಹಾರಲು ಇನ್ನು ಸುಮಾರು 15 ದಿನ. ಮಡಿವಾಳ ಹಕ್ಕಿಯದ್ದೂ ಹೆಚ್ಚುಕಮ್ಮಿ ಇದೇ ಲೆಕ್ಕ. ಗೊರವಂಕ ಸ್ವಲ್ಪ ನಿಧಾನ: ಕಾವು 2 ವಾರದ ಮೇಲೆ, ಮರಿ ಗೂಡು ಬಿಡಲು 3 ವಾರ ದಾಟಬೇಕು. ನಮ್ಮ ಕಣ್ಣಿಗೆ ಗೂಡು ಬೀಳುವಾಗ ಸಾಮಾನ್ಯವಾಗಿ ಅರ್ಧ ದಾರಿ ಕಳೆದಿರುತ್ತದೆ. ಹಾಗಾಗಿ ಮೂರು ವಾರ ಬಿಟ್ಟರೆ ಬಹಳಷ್ಟು ಗೂಡು ಖಾಲಿಯಾಗುತ್ತವೆ. ಏಪ್ರಿಲ್ ಕೊನೆಯಲ್ಲಿ ಕೆಲಸ ಹಿಡಿದವರಿಗೆ ಮಳೆಗೆ ಮೊದಲೇ ಸಮಯ ಸಿಗುತ್ತದೆ.

ಒಳಗೆ ಏನಿದೆ ಎಂದು ತಿಳಿಯಲು ಹಂಚು ಎತ್ತಲೇಬೇಕಿಲ್ಲ. ಬೆಳಗ್ಗೆ ಕಾಫಿ ಲೋಟ ಹಿಡಿದು ಅಂಗಳದಲ್ಲಿ ಅರ್ಧ ಗಂಟೆ ಕೂತು ಸೂರಿನ ಕಡೆ ನೋಡಿ. ಹಕ್ಕಿ ಹುಲ್ಲುಕಡ್ಡಿ ಒಯ್ಯುತ್ತಿದ್ದರೆ ಗೂಡು ಕಟ್ಟುತ್ತಿದೆ ಎಂದರ್ಥ. ಒಂದು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರದಿದ್ದರೆ ಮೊಟ್ಟೆಗೆ ಕಾವು ಕೊಡುತ್ತಿರಬಹುದು. ಹಸಿರು ಹುಳು, ಮಿಡತೆ ಕಚ್ಚಿಕೊಂಡು ಮತ್ತೆ ಮತ್ತೆ ಬರುತ್ತಿದ್ದರೆ ಮರಿ ಇದೆ. ಕಾಳು ತಿನ್ನುವ ಗುಬ್ಬಿ ಕೂಡ ಎಳೆ ಮರಿಗೆ ಹುಳುವನ್ನೇ ತರುವುದು. ಇನ್ನೊಂದು ಗುರುತು ಇದೆ, ಇದನ್ನು ಗಮನಿಸಿದವರು ಕಡಿಮೆ: ಮರಿ ಹಾಕಿದ ಹಿಕ್ಕೆ ಒಂದು ಬಿಳಿ ಪೊರೆಯ ಚೀಲದೊಳಗೆ ಬರುತ್ತದೆ, ಅದನ್ನು ತಂದೆ ತಾಯಿ ಕೊಕ್ಕಿನಲ್ಲಿ ಕಚ್ಚಿ ಹೊರಗೆ ಒಯ್ದು ದೂರ ಬಿಡುತ್ತವೆ. ಆ ಬಿಳಿ ಚುಕ್ಕೆ ಹಕ್ಕಿಯ ಬಾಯಲ್ಲಿ ಕಂಡರೆ ಒಳಗೆ ಮರಿ ಇರುವುದರಲ್ಲಿ ಅನುಮಾನವೇ ಬೇಡ.

ಗೂಡು ಇರುವ ಜಾಗ ಗೊತ್ತಾದ ಮೇಲೆ ಆ ಹಂಚುಗಳಿಗೆ ಸುಣ್ಣದಲ್ಲಿ ಗುರುತು ಹಾಕಿ, ಉಳಿದ ಮಾಡನ್ನೆಲ್ಲ ಮುಗಿಸಿ. ನಾನು ಹಾಗೇ ಮಾಡುವುದು. ಗೂಡು ಹೆಚ್ಚಾಗಿ ಸೂರಿನ ಕಡೆಗೇ ಇರುವುದರಿಂದ ಅಲ್ಲಿ ಒಂದು ಹಂಚು ಒಡೆದಿದ್ದರೂ ನೀರು ಗೋಡೆಯ ಹೊರಮೈಗೆ ಇಳಿಯುತ್ತದೆಯೇ ಹೊರತು ನಡುಮನೆಗೆ ಸೋರುವುದಿಲ್ಲ. ಅಕಸ್ಮಾತ್ ಮೊದಲೇ ಮಳೆ ಬಂದರೆ ಒಡೆದ ಹಂಚಿನ ಮೇಲೆ ಒಂದು ತಗಡಿನ ತುಂಡು ಸಿಕ್ಕಿಸಿದರೆ ಆಯಿತು, ಹಕ್ಕಿ ಓಡಾಡುವ ಸಂದಿ ಮುಚ್ಚದಂತೆ ನೋಡಿಕೊಳ್ಳಬೇಕು.

ಮನೆಯವರ ಕಷ್ಟ ಸುಳ್ಳಲ್ಲ, ಅದನ್ನು ನಾನು ಹಗುರ ಮಾಡುವುದಿಲ್ಲ. ಹಿಕ್ಕೆ ಗೋಡೆಗೆ ಇಳಿಯುತ್ತದೆ, ಹುಲ್ಲು ಉದುರುತ್ತದೆ. ಎಲ್ಲಕ್ಕಿಂತ ದೊಡ್ಡ ಗೋಳು ಕೂರೆ. ಮರಿ ಹಾರಿ ಹೋದ ಮೇಲೆ ಗೂಡಿನ ಕೂರೆ ರಕ್ತ ಸಿಗದೆ ಹಾಸಿಗೆಯವರೆಗೂ ಇಳಿದು ಬರುತ್ತದೆ, ಮಕ್ಕಳು ರಾತ್ರಿಯಿಡೀ ಮೈ ಕೆರೆದುಕೊಳ್ಳುತ್ತವೆ. ಇದಕ್ಕೆ ಮದ್ದು ಮರಿ ಇರುವಾಗ ಗೂಡು ಕೀಳುವುದಲ್ಲ, ಖಾಲಿಯಾದ ಕೂಡಲೇ ತಡ ಮಾಡದೆ ತೆಗೆಯುವುದು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಧೂಳು ಏಳದಂತೆ ಗೂಡಿನ ಮೇಲೆ ನೀರು ಚಿಮುಕಿಸಿ, ಚೀಲಕ್ಕೆ ತುಂಬಿ ಮನೆಯಿಂದ ದೂರ ಹೂಳಬೇಕು. ಕೈ ಸೋಪು ಹಾಕಿ ತೊಳೆಯಬೇಕು.

ಆ ಸಂದಿ ಬೇಡವೇ ಬೇಡ ಎನ್ನುವವರು ಕಾರ್ತಿಕದಿಂದ ಪುಷ್ಯದೊಳಗೆ ಮುಚ್ಚಿಸಿ. ಆಗ ಗೂಡುಗಳು ಕಡಿಮೆ. ಆದರೂ ಗುಬ್ಬಿ, ಪಾರಿವಾಳಕ್ಕೆ ಕಾಲವಿಲ್ಲ, ನೋಡಿಯೇ ಕೈ ಹಾಕಬೇಕು. ಹಕ್ಕಿ ಓಡಾಟ ಕಾಣದಿದ್ದರೆ ಸಂದಿಗೆ ಹಳೇ ಪೇಪರನ್ನು ಸಡಿಲವಾಗಿ ತುರುಕಿಟ್ಟು ಎರಡು ಮೂರು ದಿನ ನೋಡಿ. ಪೇಪರ್ ಇದ್ದಲ್ಲೇ ಇದ್ದರೆ ಒಳಗೆ ಯಾರೂ ಇಲ್ಲ. ಆಮೇಲೆ ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ಬಡಿಯಿರಿ. ಗಾಳಿಯೂ ಆಡುತ್ತದೆ, ಪಕ್ಕಾಸೂ ಕೊಳೆಯುವುದಿಲ್ಲ. ಮುಚ್ಚಿದವರು ಅದೇ ಸೂರಿನ ಕೆಳಗೆ ಒಂದು ಮರದ ಪೆಟ್ಟಿಗೆ ತೂಗುಹಾಕಿದರೆ ನನಗೆ ಬಹಳ ಸಂತೋಷ. ಗುಬ್ಬಿಗೆ ಒಂದೂಕಾಲು ಇಂಚಿನ ತೂತು ಸಾಕು, ದೊಡ್ಡದು ಮಾಡಿದರೆ ಗೊರವಂಕ ನುಗ್ಗುತ್ತದೆ. ಮಧ್ಯಾಹ್ನದ ಮೇಲಿನ ಬಿಸಿಲು ನೇರ ಹೊಡೆಯದ ಕಡೆ ಇರಲಿ.

ಕೆಳಗೆ ಬಿದ್ದ ಮರಿಯ ವಿಷಯ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಅದು ನಿಜವಲ್ಲ. ಪುಕ್ಕ ಬಾರದ ಮರಿಯನ್ನು ಮೆಲ್ಲಗೆ ಎತ್ತಿ ಗೂಡಿಗೇ ಇಡಿ, ತಾಯಿ ಬಂದು ತುತ್ತು ಕೊಡುತ್ತದೆ. ನಾನೇ ಇಟ್ಟು ನೋಡಿದ್ದೇನೆ. ಗೂಡು ಪೂರ್ತಿ ಕಳಚಿದ್ದರೆ ಸಣ್ಣ ಬುಟ್ಟಿಯಲ್ಲಿ ಅದೇ ಹುಲ್ಲು ಹಾಕಿ, ಮೊದಲಿದ್ದ ಜಾಗಕ್ಕೆ ಆದಷ್ಟು ಹತ್ತಿರ ಕಟ್ಟಿ, ದೂರ ನಿಂತು ನೋಡಿ. ಪುಕ್ಕ ಬಂದು ನೆಲದ ಮೇಲೆ ಕುಪ್ಪಳಿಸುವ ಮರಿ ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ಬೆಕ್ಕು, ನಾಯಿಯನ್ನು ಕಟ್ಟಿಹಾಕಿ, ಮರಿಯನ್ನು ಗಿಡದ ಮೇಲಿಟ್ಟರೆ ಸಾಕು. ದಯವಿಟ್ಟು ಹಾಲು ಕುಡಿಸಬೇಡಿ, ಬಾಯಿಗೆ ನೀರು ಬಿಡಬೇಡಿ. ನೀರು ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಕರುಣೆಯಿಂದ ಮಾಡುವ ಈ ಕೆಲಸಕ್ಕೆ ಬಲಿಯಾದ ಮರಿಗಳನ್ನು ಕಂಡು ಸಂಕಟಪಟ್ಟಿದ್ದೇನೆ.

ಗೂಬೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಬೆಳ್ಳಗಿನ ಮುಖದ ಕಣಜ ಗೂಬೆ ಅಟ್ಟದಲ್ಲಿ ಮರಿ ಮಾಡಿದರೆ ಜನ ಹೆದರುತ್ತಾರೆ. ಗೂಬೆ ಹೊಕ್ಕರೆ ಮನೆಗೆ ಕೇಡು, ಮನೆ ಬಿಡಬೇಕು ಎನ್ನುವವರು ಈಗಲೂ ಇದ್ದಾರೆ. ಒಂದು ಮನೆಯಲ್ಲಿ ಬತ್ತದ ಕೋಣೆಯ ಮೇಲಿನ ಅಟ್ಟದಿಂದ ರಾತ್ರಿಯೆಲ್ಲ ಬುಸುಗುಟ್ಟುವ ಸದ್ದು. ಹಾವೆಂದು ನನ್ನನ್ನು ಹತ್ತಿಸಿದರು. ನೋಡಿದರೆ ಬಿಳಿ ತುಪ್ಪಳದ ಗೂಬೆಮರಿಗಳು, ಒಂದು ದೊಡ್ಡದು, ಒಂದು ಅದಕ್ಕಿಂತ ಚಿಕ್ಕದು, ಇನ್ನೊಂದು ತೀರ ಸಣ್ಣದು. ಮೊದಲ ಮೊಟ್ಟೆಯಿಂದಲೇ ಕಾವು ಶುರು ಮಾಡುವುದರಿಂದ ಗೂಬೆಮರಿಗಳು ಹೀಗೆ ಹಿಂದುಮುಂದಾಗಿ ಹುಟ್ಟುತ್ತವೆ. ಸುತ್ತ ಕಪ್ಪು ಉಂಡೆಗಳು ಬಿದ್ದಿದ್ದವು. ಗೂಬೆ ಇಲಿಯನ್ನು ಹಾಗೇ ನುಂಗಿ, ಅರಗದ ಕೂದಲು ಮೂಳೆಯನ್ನು ಉಂಡೆ ಮಾಡಿ ಕಾರುತ್ತದೆ. ಒಂದನ್ನು ಕೆಳಗೆ ತಂದು ಯಜಮಾನರ ಎದುರೇ ಕಡ್ಡಿಯಿಂದ ಬಿಡಿಸಿದೆ. ಇಲಿಯ ಬುರುಡೆ, ಕೆಳದವಡೆ, ಹಳದಿ ಹಲ್ಲು ಒಂದೊಂದೇ ಬಂತು. ಇಲಿ ಪಾಷಾಣಕ್ಕೆ ದುಡ್ಡು ಸುರಿಯುತ್ತಿದ್ದ ಮನೆ ಅದು. "ಹಾಗಾದ್ರೆ ಇರ್ಲಿ ಬಿಡು" ಅಂದರು. ಅಟ್ಟಕ್ಕೆ ಹಳೇ ಟಾರ್ಪಲ್ ಹಾಸಿ ಇಳಿದೆವು. ಗೂಬೆಗೆ ಮೂರು ವಾರ ಸಾಲದು. ಕಾವಿಗೇ ಒಂದು ತಿಂಗಳು, ಮರಿ ಹಾರಲು ಇನ್ನೂ ಸುಮಾರು ಎರಡು ತಿಂಗಳು ಬೇಕು. ಮರಿ ಇರುವ ಮನೆಯಲ್ಲಿ ಇಲಿ ಪಾಷಾಣ ಇಡಬೇಡಿ, ವಿಷ ತಿಂದ ಇಲಿಯನ್ನು ತಿಂದು ಗೂಬೆಯೂ ಸಾಯುತ್ತದೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಬಾಲ್ಕನಿಯ ಪಾರಿವಾಳದ ಕಾಟ ಹೇಳುತ್ತಿರುತ್ತಾನೆ. ಹಿಕ್ಕೆಯ ಧೂಳಿನಿಂದ ಶ್ವಾಸಕೋಶದ ಕಾಯಿಲೆ ಬರುವುದು ನಿಜ, ಬಲೆ ಹಾಕಿಸುವುದು ತಪ್ಪಲ್ಲ. ಮರಿ ಹೋದ ಮೇಲೆ ಹಾಕಿಸಿ, ಎಳೆದು ಬಿಗಿ ಮಾಡಿಸಿ ಎಂದಷ್ಟೇ ಹೇಳುತ್ತೇನೆ. ಸಡಿಲ ಬಲೆಗೆ ರೆಕ್ಕೆ ಸಿಕ್ಕಿ ನೇತಾಡುವ ಹಕ್ಕಿಯನ್ನು ಯಾರೂ ನೋಡುವಂತಾಗಬಾರದು.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಗೂಡು ಕೆದಕುವುದೂ ಬೇಟೆಯ ಲೆಕ್ಕಕ್ಕೇ ಸೇರುತ್ತದೆ. ಪೊಲೀಸರ ಹೆದರಿಕೆಗೆ ಯಾರೂ ಗೂಡು ಉಳಿಸುವುದಿಲ್ಲ, ನನಗೆ ಗೊತ್ತು. ಆದರೆ ಪತ್ರಿಕೆಯಲ್ಲಿ ಸಲಹೆ ಬರೆಯುವವರು, ಸರ್ಕಾರಿ ಕೆಲಸ ಮಾಡಿಸುವವರು ಇದನ್ನು ತಿಳಿದಿರಬೇಕು.

ಸರ್ಕಾರಿ ಕೆಲಸದವರಿಗೆ ನನ್ನದೊಂದು ಬೇಡಿಕೆ. ನಮ್ಮ ಕಡೆ ಹಂಚಿನ ಶಾಲೆಗಳು ಇನ್ನೂ ಬಹಳ ಇವೆ. ಅವುಗಳ ಮಾಡಿನ ರಿಪೇರಿ ನಡೆಯುವುದು ಬೇಸಿಗೆ ರಜೆಯಲ್ಲೇ, ಮಕ್ಕಳಿಲ್ಲದೆ ಶಾಲೆ ತಣ್ಣಗಿದ್ದು ಹಕ್ಕಿಗಳು ಧೈರ್ಯವಾಗಿ ಮರಿ ಮಾಡಿಕೊಂಡ ಹೊತ್ತಿಗೆ. ಒಂದೇ ದಿನ ಇಡೀ ಮಾಡು ಬಿಚ್ಚಿ, ಶೀಟು ಹೊದಿಸಿ ಹೋಗುತ್ತಾರೆ. ಶಾಲೆಯ ಹಿಂದೆ ಹಂಚಿನ ಚೂರಿನ ಜೊತೆ ಗೂಡುಗಳ ರಾಶಿ ಬಿದ್ದಿರುತ್ತದೆ. ಗ್ರಾಮ ಪಂಚಾಯಿತಿಯವರು, ಶಿಕ್ಷಣ ಇಲಾಖೆಯವರು, ಶಾಲಾಭಿವೃದ್ಧಿ ಸಮಿತಿಯವರು ಸೇರಿ ಈ ಕೆಲಸವನ್ನು ಡಿಸೆಂಬರ್, ಜನವರಿಯ ಶನಿವಾರ ಭಾನುವಾರಗಳಿಗೆ ಹಾಕಿಕೊಳ್ಳಲು ಆಗುತ್ತದೆ. ಆಗದಿದ್ದರೆ ಅಂದಾಜು ಪಟ್ಟಿಯಲ್ಲಿ ಒಂದು ಷರತ್ತು ಸೇರಿಸಲಿ: ಮಾಡು ಬಿಚ್ಚುವ ಮೊದಲು ಗೂಡು ನೋಡಬೇಕು, ಮರಿ ಇರುವ ಅಂಕಣವನ್ನು ಕೊನೆಗೆ ಮುಟ್ಟಬೇಕು, ಅದಕ್ಕಾಗಿ ಗುತ್ತಿಗೆದಾರನಿಗೆ ಮೂರು ವಾರ ಹೆಚ್ಚಿಗೆ ಕೊಡಬೇಕು. ನಮ್ಮ ಹೋಬಳಿಯ ಯಾವ ಶಾಲೆಯವರು ಕರೆದರೂ ಏಣಿ ತಂದು ಮಾಡು ಹತ್ತಿ, ಎಲ್ಲೆಲ್ಲಿ ಗೂಡಿದೆ ಎಂದು ಸುಣ್ಣದ ಗುರುತು ಹಾಕಿಕೊಡುತ್ತೇನೆ. ಅದಕ್ಕೆ ಕೂಲಿ ಬೇಡ.

ಇಂತಿ,
ಹಂಚಿನ ಕೆಲಸದವ,
ತೀರ್ಥಹಳ್ಳಿ ತಾಲ್ಲೂಕು